ಉಪ್ಪು ಮುಟ್ಟದ ಉಸ್ತಾದ್

ತಂದೂರು ಕಟ್ಟುವ ಉಸ್ತಾದ್ ಎರ್ಗಶ್ ಆ ಮನೆಗೆ ಬಂದ ಮೊದಲ ದಿನವೇ ಸಬೋಹತ್ ಮಾಡಿದ ರೊಟ್ಟಿಯನ್ನು ಮುಟ್ಟದೆ ಎದ್ದ.

ಕೋಕಂದ್ ಪಟ್ಟಣದಲ್ಲಿ ಇದು ಸಣ್ಣ ಮಾತಲ್ಲ. ರೈಲಿಗೆ ಹೊತ್ತಾದವನೂ ಎದುರಿಗಿಟ್ಟ ರೊಟ್ಟಿಯಿಂದ ಉಗುರಿನಷ್ಟಾದರೂ ಮುರಿದು ಬಾಯಿಗೆ ಹಾಕಿಕೊಂಡೇ ಹೋಗುತ್ತಾನೆ. ಜಗಳಕ್ಕೆ ಬಂದವನೂ ಅಷ್ಟು ಮಾಡುತ್ತಾನೆ. ಇವನು ಒಡೆದ ತಂದೂರಿನೊಳಗೆ ತಲೆ ಹಾಕಿ ನೋಡಿದ, ಬಿರುಕಿನ ಉದ್ದಕ್ಕೂ ಬೆರಳಾಡಿಸಿದ, ಇದು ತೇಪೆಗೆ ನಿಲ್ಲುವುದಿಲ್ಲ, ಹೊಸದೇ ಕಟ್ಟಬೇಕು, ಮೂರು ವಾರ ಹಿಡಿಯುತ್ತದೆ ಎಂದ. ಆಮೇಲೆ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಎರಡು ಬಟ್ಟಲು ಹಸಿರು ಚಹಾ ಕುಡಿದ. ಸಬೋಹತ್‌ಳ ತಾಯಿ ಖೋಸಿಯತ್ ರೊಟ್ಟಿ ಮುರಿದು ಅವನ ಮುಂದೆ ಸರಿಸಿದಳು, ಕುರಿಮಾಂಸದ ಸಾರು ಬಡಿಸಿದಳು. ಹೊಟ್ಟೆ ತುಂಬಿದೆ ಖಾಲಾ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿ ಅವನು ಎದ್ದುಬಿಟ್ಟ.

ಸಬೋಹತ್ ಇದನ್ನೆಲ್ಲ ಅಡುಗೆಮನೆಯ ಬಾಗಿಲಿನಿಂದ ನೋಡಿದಳು. ಅವಳಿಗೆ ಮೂವತ್ತೊಂದು ವರ್ಷ. ಎರಡು ವರ್ಷ ಗಂಡನ ಮನೆಯಲ್ಲಿದ್ದು, ಅತ್ತೆಯ ಬಾಯಿ ತಾಳಲಾರದೆ ಒಂದು ಪೆಟ್ಟಿಗೆ ಹಿಡಿದು ತಾನಾಗಿಯೇ ತವರಿಗೆ ಬಂದು ತಲಾಖ್ ಪಡೆದವಳು. ಅಲ್ಲಿ ಊಟಕ್ಕೇನು ಕಡಿಮೆಯಿತ್ತು ಎಂದು ಓಣಿಯ ಹೆಂಗಸರು ಕೇಳಿದಾಗ, ಹೊಟ್ಟೆ ಹಸಿದಿದ್ದರೂ ಸರಿ, ಕಿವಿ ತಣ್ಣಗಿದ್ದರೆ ಸಾಕು ಎಂದು ಹಿರಿಯರ ಗಾದೆಯನ್ನೇ ಎತ್ತಿ ಅವರ ಬಾಯಿ ಮುಚ್ಚಿಸಿದ್ದಳು. ಅಂದಿನಿಂದ ಒಂಬತ್ತು ವರ್ಷ ಅವಳ ರೊಟ್ಟಿ ಬಜಾರಿಗೆ ಹೋಗುತ್ತಿದೆ. ಆದರೂ ಮದುವೆ ಮನೆಗಳಲ್ಲಿ ಹಿಟ್ಟು ನಾದಲು ಅವಳನ್ನು ಯಾರೂ ಕರೆಯುವುದಿಲ್ಲ. ಗಂಡನನ್ನು ಬಿಟ್ಟು ಬಂದವಳ ಕೈ ಶುಭಕ್ಕಲ್ಲ ಎಂದು ಅವರ ಲೆಕ್ಕ.

ಇವನೂ ಅಂಥವನೇ ಎಂದು ಸಬೋಹತ್ ಅಂದುಕೊಂಡಳು. ಅವನು ಮುಟ್ಟದೆ ಬಿಟ್ಟ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿಡುವಾಗ ಅವಳ ಕಿವಿ ಸುಡುತ್ತಿತ್ತು.

ಮರುದಿನದಿಂದ ಅವನು ಬೆಳಿಗ್ಗೆ ಎಂಟಕ್ಕೆ ಬರತೊಡಗಿದ. ಕುರಿ ಉಣ್ಣೆ ಸೇರಿಸಿ ತುಳಿದ ಮಣ್ಣನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು, ಹಾವಿನಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು ಕಟ್ಟುವನು. ದಿನಕ್ಕೆ ನಾಲ್ಕು ಬೆರಳಿಗಿಂತ ಹೆಚ್ಚು ಏರಿಸುತ್ತಿರಲಿಲ್ಲ. ಕೋಕಂದಿನ ಗಾಳಿ ಸೆಪ್ಟೆಂಬರಿನಲ್ಲಿ ನಿಂತಲ್ಲಿ ನಿಲ್ಲುವುದಿಲ್ಲ, ಹಸಿ ಮಣ್ಣನ್ನು ಒಂದೇ ಮಗ್ಗುಲಿಗೆ ಒಣಗಿಸಿಬಿಡುತ್ತದೆ. ಅದಕ್ಕೆ ಅವನು ಒದ್ದೆ ಗೋಣಿ ಹೊದಿಸಿ, ಗಾಳಿ ತಿರುಗಿದ ಕಡೆಗೆಲ್ಲ ಅದನ್ನೂ ತಿರುಗಿಸುತ್ತ ಮನೆಯವರಿಗಿಂತ ಹೆಚ್ಚಾಗಿ ಆ ಮಣ್ಣನ್ನೇ ಕಾಯುತ್ತಿದ್ದ.

ಸಬೋಹತ್‌ಗೆ ಕೈಗೆ ಕೆಲಸವಿಲ್ಲ. ಒಂಬತ್ತು ವರ್ಷ ಬೆಳಗಾಗುವ ಮೊದಲೇ ಹಿಟ್ಟಿನಲ್ಲಿ ಅದ್ದಿದ ಕೈ ಈಗ ಏನು ಮಾಡಬೇಕೆಂದು ತಿಳಿಯದೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿತ್ತು. ಗುಡಿಸುವಾಗ ಕಣ್ಣು ಹೋಗುತ್ತಿದ್ದುದು ಒಂದೇ ಕಡೆಗೆ. ಮೊಣಕೈವರೆಗೆ ಮಣ್ಣಾದ ತೋಳು. ಮೂಗಿನ ಮೇಲೆ ಕೂತ ನೊಣವನ್ನು ಭುಜದಿಂದ ಒರೆಸಿಕೊಳ್ಳುವ ರೀತಿ. ಅವಳು ನೋಡುತ್ತಿದ್ದಾಳೆಂದು ತಿಳಿದ ಕೂಡಲೇ ಇನ್ನೂ ನಿಧಾನವಾಗುವ ಬೆರಳುಗಳು.

ಅವನಿಗೆ ತಿನ್ನಿಸಿಯೇ ಬಿಡಬೇಕೆಂದು ಅವಳಿಗೆ ಹಟ ಬಂತು. ಒಂದು ದಿನ ಕುಂಬಳಕಾಯಿ ತುಂಬಿದ ಸಮೋಸ ಕರಿದಳು. ಇನ್ನೊಂದು ದಿನ ಆವಿಯಲ್ಲಿ ಕಡುಬು ಬೇಯಿಸಿದಳು. ಹಳದಿ ಗಜ್ಜರಿ ಹಾಕಿದ ಪಲಾವಿನ ಘಮಕ್ಕೆ ಗೋಡೆಯಾಚೆಯ ಮನೆಯವರು ಇವತ್ತೇನು ವಿಶೇಷ ಎಂದು ಕೇಳಿದರು. ಅವನು ಮಾತ್ರ ಎದೆಯ ಮೇಲೆ ಕೈಯಿಟ್ಟು, ಗೇಟಿನಾಚೆ ಹೋಗಿ ಗೋಡೆಯ ನೆರಳಿನಲ್ಲಿ ಕೂತು, ತನ್ನ ಗಂಟಿನಿಂದ ಏನನ್ನೋ ತೆಗೆದು ತಿಂದು ಬರುತ್ತಿದ್ದ.

ಆರನೆಯ ದಿನ ಸಿಟ್ಟಿನಲ್ಲಿ ಅವಳು ಅವನ ಬಟ್ಟಲಿಗೆ ಚಹಾವನ್ನು ಅಂಚಿನವರೆಗೆ ತುಂಬಿದಳು. ಗೌರವದ ಅತಿಥಿಗೆ ಅರ್ಧ ಬಟ್ಟಲೇ ಹಾಕಿ ಮತ್ತೆ ಮತ್ತೆ ಕೊಡುವುದು ಪದ್ಧತಿ. ತುಂಬಿದ ಬಟ್ಟಲೆಂದರೆ ಕುಡಿದು ಹೊರಡು ಎಂದರ್ಥ.

ಎರ್ಗಶ್ ಬಟ್ಟಲನ್ನು ನೋಡಿದ, ಅವಳನ್ನು ನೋಡಿದ. "ಒಲೆ ಇನ್ನೂ ಮಂಡಿವರೆಗೆ ಬಂದಿದೆ ಅಷ್ಟೇ. ಈಗಲೇ ಹೊರಡು ಅಂತೀರಾ?"

"ನಮ್ಮ ಮನೆ ಊಟ ಸೇರಲ್ಲ, ಚಹಾ ಮಾತ್ರ ಸೇರುತ್ತೆ ಅನ್ನೋರಿಗೆ ಚಹಾನಾದ್ರೂ ಹೊಟ್ಟೆ ತುಂಬ ಸಿಗಲಿ ಅಂತ."

"ಸೇರಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ," ಎಂದ ಅವನು. ಬಿಸಿ ಚಹಾವನ್ನು ಒಂದು ಹನಿಯೂ ಚೆಲ್ಲದಂತೆ ಎರಡು ಕೈಯಲ್ಲೂ ಹಿಡಿದು ಕಡೆಯ ಗುಟುಕಿನವರೆಗೆ ಕುಡಿದ. ಕುಡಿಯುವಾಗ ಬಟ್ಟಲಿನ ಅಂಚಿನ ಮೇಲಿಂದ ಅವನ ಕಣ್ಣು ಅವಳ ಮೇಲೇ ಇತ್ತು. ಅವಳು ಒಳಗೆ ಹೋಗಿ ಕಾರಣವಿಲ್ಲದೆ ಪಾತ್ರೆಗಳನ್ನು ಸದ್ದು ಮಾಡಿ ಜೋಡಿಸಿದಳು.

ಖೋಸಿಯತ್ ಇದನ್ನು ಗಮನಿಸದೆ ಇರಲಿಲ್ಲ. ಅವಳ ಬಾಯಲ್ಲಿ ಗಾದೆಯಿಲ್ಲದೆ ಮಾತು ಹೊರಡುವುದಿಲ್ಲ. ಕಡಾಯಿಯ ಹತ್ತಿರ ಸುಳಿದರೆ ಮಸಿ ಅಂಟುತ್ತದೆ ಎಂದು ಮಗಳಿಗೆ ಕೇಳುವಂತೆ ಗೊಣಗಿದಳು. ಅತಿಥಿ ಅಪ್ಪನಿಗಿಂತ ದೊಡ್ಡವನು ಅಂತ ನೀನೇ ಹೇಳಿಕೊಟ್ಟಿದ್ದು ಎಂದು ಮಗಳು ತಿರುಗಿಸಿದಳು. ಕೂಲಿಗೆ ಬಂದವನು ಅತಿಥಿಯಲ್ಲ ಎಂದಳು ತಾಯಿ. ಮಗಳು ಪೊರಕೆ ಎತ್ತಿಕೊಂಡು ಅಂಗಳಕ್ಕೆ ನಡೆದಳು.

ಒಂದು ಮಧ್ಯಾಹ್ನ ಖೋಸಿಯತ್ ಚಪ್ಪರದ ಕೆಳಗೆ ಕೂತು ಓಣಿಯ ಸುದ್ದಿ ಹೇಳುತ್ತಿದ್ದಳು. ಹಿಂದಿನ ಬೀದಿಯ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ, ಆರು ತಿಂಗಳು ಅವರದೇ ಊಟ ಉಂಡು, ಕಡೆಗೆ ಆ ಮನೆಯ ಹುಡುಗಿಯನ್ನೇ ಕರೆದುಕೊಂಡು ಓಡಿಹೋದನಂತೆ.

"ಉಪ್ಪು ತಿಂದು ಉಪ್ಪಿನ ಬಟ್ಟಲಿಗೇ ಉಗುಳಿದ," ಎಂದಳು ಖೋಸಿಯತ್. "ಅಂಥವನಿಗೆ ಯಾವ ಮನೇಲೂ ಬರಕತ್ತು ಇರಲ್ಲ."

ಮಣ್ಣು ಸವರುತ್ತಿದ್ದ ಎರ್ಗಶನ ಕೈ ನಿಂತಿತು. ಅವನು ತಲೆಯೆತ್ತಲಿಲ್ಲ. ಆದರೆ ಟೋಪಿಯ ಕೆಳಗೆ ಅವನ ಕಿವಿಗಳು ಕೆಂಪಾದುದನ್ನು ಸಬೋಹತ್ ಕಂಡಳು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಎರಡನೆಯ ವಾರದ ಕೊನೆಗೆ ಹೆಣ್ಣು ಕೇಳುವವರು ಬಂದರು. ಹಿಟ್ಟಿನ ಗಿರಣಿಯ ಮಿರ್ವಲಿಯ ಅಕ್ಕ ಮತ್ತು ಇನ್ನಿಬ್ಬರು ಹೆಂಗಸರು. ಮಿರ್ವಲಿಗೆ ನಲವತ್ತೈದು. ಹೆಂಡತಿ ತೀರಿಕೊಂಡಿದ್ದಳು, ಇಬ್ಬರು ದೊಡ್ಡ ಹೆಣ್ಣುಮಕ್ಕಳಿದ್ದರು. ಒಂಬತ್ತು ವರ್ಷದಿಂದ ಈ ಮನೆಗೆ ಹಿಟ್ಟು ಬರುವುದು ಅವನ ಗಿರಣಿಯಿಂದಲೇ. ಒಳ್ಳೆಯ ಮನುಷ್ಯ, ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಮುಳ್ಳಿಲ್ಲ. ಬಿಟ್ಟು ಬಂದವಳೆಂಬ ಮಾತನ್ನು ಅವನ ಕಡೆಯವರು ಒಂದು ಸಲವೂ ಎತ್ತಲಿಲ್ಲ. ಖೋಸಿಯತ್‌ಗೆ ಅಷ್ಟೇ ಸಾಕಾಗಿತ್ತು. ಮುಂದಿನ ಗುರುವಾರ ರೊಟ್ಟಿ ಮುರಿಯೋಣ ಎಂದು ಮಾತಾಯಿತು.

ಎರಡು ಕಡೆಯವರು ಕೂತು ಒಂದು ರೊಟ್ಟಿ ಮುರಿದರೆ ಮುಗಿಯಿತು, ನಿಶ್ಚಯವಾದಂತೆ. ಆಮೇಲೆ ಹಿಂದೆ ಸರಿಯುವುದು ತಲಾಖಿಗಿಂತ ಕೆಟ್ಟ ಹೆಸರು.

ಸಬೋಹತ್ ಇಲ್ಲವೆನ್ನಲಿಲ್ಲ. ಏನೆಂದು ಹೇಳುವುದು? ತನ್ನ ರೊಟ್ಟಿಯನ್ನು ಮುಟ್ಟದ ಒಬ್ಬ ಗಂಡಸು ಅಂಗಳದಲ್ಲಿ ಮಣ್ಣು ಸವರುತ್ತಿದ್ದಾನೆ, ಅವನು ಬರುವ ಹೊತ್ತಿಗೆ ತಾನು ಎರಡು ಸಲ ತಲೆಬಟ್ಟೆ ಬದಲಿಸುತ್ತೇನೆ ಎಂದೇ? ಅವಳು ರಾತ್ರಿ ನಿದ್ದೆಗೆಡುತ್ತಿದ್ದಳು, ಹಗಲು ಕೂತಲ್ಲಿ ಕೂರಲಾರಳು.

ಗುರುವಾರಕ್ಕೆ ನಿಶ್ಚಯದ ರೊಟ್ಟಿ ಹೊಸ ತಂದೂರಿನಲ್ಲೇ ಬೇಯಬೇಕು, ಆಗುತ್ತದೆಯೇ ಎಂದು ಖೋಸಿಯತ್ ಉಸ್ತಾದನನ್ನು ಕೇಳಿದಳು. ಅಂಗಳದ ಇನ್ನೊಂದು ತುದಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದ ಸಬೋಹತ್ ಹಗ್ಗ ಹಿಡಿದು ನಿಂತಳು. ಆಗುವುದಿಲ್ಲ ಎನ್ನಲಿ, ಇನ್ನೂ ಹತ್ತು ದಿನ ಒಣಗಬೇಕು ಎನ್ನಲಿ ಎಂದು ಅವಳ ಮನಸ್ಸು ಬೇಡಿಕೊಂಡಿತು. ಎರ್ಗಶ್ ತಂದೂರಿನ ಮೈಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತ. ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದ.

"ಆಗುತ್ತೆ ಖಾಲಾ," ಎಂದ.

ಬುಧವಾರ ಹತ್ತಿ ಕಡ್ಡಿ ತುಂಬಿ ಮೊದಲ ಬೆಂಕಿ ಹಾಕಿದರು. ತಂದೂರು ಒಂದು ಗೆರೆಯೂ ಬಿಡದೆ ಕೆಂಪಗೆ ಕಾದಿತು. ಹೊಸ ಒಲೆಯ ಮೊದಲ ರೊಟ್ಟಿ ಕಟ್ಟಿದವನಿಗೆ ಸಲ್ಲಬೇಕೆಂಬುದು ಆ ಓಣಿಯ ವಾಡಿಕೆ. ಖೋಸಿಯತ್ ಅದನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದಳು. ಎರ್ಗಶ್ ರೊಟ್ಟಿಯನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಮತ್ತೆ ಜಗಲಿಯ ಬಟ್ಟೆಯ ಮೇಲೆ ಅಂಗಾತವಾಗಿ, ಜೋಪಾನವಾಗಿ ಇಟ್ಟ. ತಪ್ಪು ತಿಳಿಯಬೇಡಿ ಖಾಲಾ ಎಂದು ಹೇಳಿ, ಕೈಗಾಡಿ ತಳ್ಳಿಕೊಂಡು ಹೊರಟುಹೋದ. ಗೇಟು ದಾಟುವಾಗ ಸಬೋಹತ್‌ಳ ಕಡೆಗೆ ತಿರುಗಲಿಲ್ಲ.

"ಮೂರು ವಾರ," ಎಂದಳು ಖೋಸಿಯತ್. "ಮೂರು ವಾರ ಅಂಗಳದಲ್ಲಿದ್ದ. ನಮ್ಮ ಮನೆ ಉಪ್ಪು ಮುಟ್ಟದೆ ಹೋದ."

ಸಬೋಹತ್ ರೊಟ್ಟಿಗೆ ಒತ್ತುವ ಮುಳ್ಳಚ್ಚನ್ನು ತೊಳೆಯುತ್ತಿದ್ದಳು. ಕೈ ಹಾಗೇ ನಿಂತಿತು.

ಅವನು ಏನೇನು ತಿಂದಿದ್ದ? ಚಹಾ. ಕರಬೂಜದ ಹೋಳು, ಒಂದಲ್ಲ, ನಾಲ್ಕು. ಚಪ್ಪರದಿಂದ ಅವಳೇ ಕಿತ್ತು ಕೊಟ್ಟ ದ್ರಾಕ್ಷಿ. ಕಲ್ಲುಸಕ್ಕರೆ. ಅಕ್ರೋಟನ್ನು ಕೈಯಲ್ಲೇ ಒಡೆದು ತಿಂದಿದ್ದ. ಅದರ ಪಕ್ಕದ ತಟ್ಟೆಯಲ್ಲೇ ಇದ್ದ, ಉಪ್ಪು ಹಾಕಿ ಹುರಿದ ಜರ್ದಾಳು ಬೀಜವನ್ನು ಮಾತ್ರ ಬಿಟ್ಟಿದ್ದ. ಹೇಸಿಗೆಯಾಗಿದ್ದರೆ ಅವಳ ಕೈಯ ಹಣ್ಣನ್ನೂ ತಿನ್ನುತ್ತಿರಲಿಲ್ಲ. ಬಿಟ್ಟಿದ್ದು ಅವಳನ್ನಲ್ಲ. ಉಪ್ಪನ್ನು.

ಯಾಕೆ ಎಂದು ಯೋಚಿಸುವ ಮೊದಲೇ ಆ ಕೆಂಪು ಕಿವಿಗಳು ಕಣ್ಣ ಮುಂದೆ ಬಂದವು. ಅವಳು ಅಚ್ಚನ್ನು ನೀರಿನಲ್ಲೇ ಬಿಟ್ಟು, ಗೋಡೆಗೊರಗಿ ಕೂತುಬಿಟ್ಟಳು. ನಾನು ಅಂದುಕೊಂಡದ್ದು ತಪ್ಪಾಗಿದ್ದರೆ? ಅವನಿಗೆ ಉಪ್ಪೇ ಆಗದ ಯಾವುದೋ ಕಾಯಿಲೆ ಇದ್ದರೆ? ನಗು ಬಂತು, ಅಳುವೂ ಬಂತು.

ಗುರುವಾರ ಬೆಳಿಗ್ಗೆ ನಿಶ್ಚಯದ ರೊಟ್ಟಿಗೆಂದು ಹಿಟ್ಟು ನಾದಿದಳು. ಏನು ಹಾಕಿದಳೋ ಎಷ್ಟು ನಾದಿದಳೋ ಅವಳಿಗೇ ಗಮನವಿರಲಿಲ್ಲ. ಬಟ್ಟೆ ಮುಚ್ಚಿಟ್ಟು, ಈಗ ಬಂದೆ ಎಂದಷ್ಟೇ ತಾಯಿಗೆ ಕೂಗಿ ಹೇಳಿ ಗೇಟು ದಾಟಿದಳು. ಮಿರ್ವಲಿಯ ಮನೆಯವರು ಬರಲು ನಾಲ್ಕು ಗಂಟೆಯ ಸಮಯವಿತ್ತು.

ದಾರಿಯಲ್ಲಿ ಹನೀಫಾಳ ರೊಟ್ಟಿ ಅಂಗಡಿ ಸಿಗುತ್ತದೆ. ಖೋಸಿಯತ್‌ಗೂ ಹನೀಫಾಳಿಗೂ ಇಪ್ಪತ್ತು ವರ್ಷದ ಪೈಪೋಟಿ. ಸಬೋಹತ್ ಜೀವನದಲ್ಲಿ ಮೊದಲ ಸಲ ಆ ಅಂಗಡಿಯ ಮುಂದೆ ನಿಂತು, ದುಡ್ಡು ಕೊಟ್ಟು ಒಂದು ರೊಟ್ಟಿ ಕೊಂಡಳು. ಹನೀಫಾ ಬಾಯಿ ತೆರೆದು ನೋಡುತ್ತಿದ್ದಂತೆ ಅದನ್ನು ತಲೆಬಟ್ಟೆಯ ತುದಿಯಲ್ಲಿ ಸುತ್ತಿಕೊಂಡು ಕಾಲುವೆಯ ಕಡೆಗೆ ನಡೆದಳು. ಗಾಳಿ ಎದುರಿನಿಂದ ಬೀಸುತ್ತಿತ್ತು. ಎರಡು ಸಲ ತಿರುಗಿ ಹೋಗಿಬಿಡೋಣ ಎನ್ನಿಸಿತು.

ಕಾಲುವೆ ದಂಡೆಯ ಮೇಲೆ ಎರ್ಗಶನ ಅಂಗಳ. ಬೇಲಿಯುದ್ದಕ್ಕೂ ಒಣಗಲಿಟ್ಟ ತಂದೂರುಗಳು, ಹಿಂದೆ ಅವನು ವಾಸಿಸುವ ಒಂದೇ ಕೋಣೆ. ಅವನು ಪ್ಯಾಂಟು ಮಂಡಿಗೆ ಮಡಿಸಿ ಮಣ್ಣು ತುಳಿಯುತ್ತಿದ್ದ. ಅವಳನ್ನು ಕಂಡು ಅಲ್ಲೇ ನಿಂತ.

"ಬಿರುಕು ಬಿಡ್ತಾ?" ಎಂದು ಕೇಳಿದ.

"ಒಲೆ ಚೆನ್ನಾಗಿದೆ." ಅವಳು ರೊಟ್ಟಿಯನ್ನು ಹೊರತೆಗೆದಳು. "ಇದು ನಾನು ಮಾಡಿದ್ದಲ್ಲ. ಹನೀಫಾ ಅಂಗಡೀದು. ಇದರ ಉಪ್ಪಿಗೂ ನಮ್ಮ ಮನೆಗೂ ಏನೂ ಸಂಬಂಧ ಇಲ್ಲ."

ಅವನು ರೊಟ್ಟಿಯನ್ನೇ ನೋಡಿದ. ಮಣ್ಣಿನಿಂದ ಕಾಲೆತ್ತಲು ಮರೆತವನಂತೆ ನಿಂತಿದ್ದ.

"ಯಾರು ಹೇಳಿದ್ರು ನಿಮಗೆ?"

"ನೀವು ಬಿಟ್ಟು ಹೋದ ಜರ್ದಾಳು ಬೀಜ ಹೇಳ್ತು."

ಆಗ ಅವನು ಹೇಳಿದ. ಅಷ್ಟು ಮಾತನ್ನು ಒಟ್ಟಿಗೆ ಅವನ ಬಾಯಿಂದ ಅವಳು ಕೇಳಿದ್ದೇ ಇಲ್ಲ. "ಉಂಡ ಮನೆಗೆ ಎರಡು ಬಗೆಯೋದು ನನ್ನಿಂದ ಆಗಲ್ಲ. ನಿಮ್ಮಮ್ಮನ ಉಪ್ಪು ತಿಂದು, ಅವರ ಬೆನ್ನ ಹಿಂದೆ ನಿಮ್ಮನ್ನ ಹಾಗೆ ನೋಡೋದು ಹೇಗೆ? ಉಪ್ಪು ಬಿಡೋದು ಸುಲಭ ಅನ್ನಿಸ್ತು. ನೋಡೋದು ಬಿಡೋಕಾಗ್ಲಿಲ್ಲ."

ಸಬೋಹತ್ ಒಂದು ಹೆಜ್ಜೆ ಹತ್ತಿರ ಬಂದಳು. "ನನ್ನ ರೊಟ್ಟಿ ನಿಮಗೆ ಹೇಸಿಗೆ ಅಂದ್ಕೊಂಡಿದ್ದೆ."

"ಬಜಾರಲ್ಲಿ ನಿಮ್ಮನ್ನ ಕಂಡಾಗಿನಿಂದ, ಒಂದು ವರ್ಷ, ನಾನು ತಗೊಳ್ಳೋದು ನಿಮ್ಮ ರೊಟ್ಟೀನೇ. ನಿಮ್ಮ ಅಚ್ಚಲ್ಲಿ ಒಂದು ಮುಳ್ಳು ಉದುರಿದೆ. ಆ ಗುರುತು ನೋಡಿ ಆರಿಸ್ತೀನಿ. ಮೂರು ವಾರ ನಿಮ್ಮ ಗೋಡೆ ಆಚೆ ಕೂತು ತಿಂತಿದ್ದೆನಲ್ಲ, ಅದೂ ನಿಮ್ಮದೇ, ಮೊದಲೇ ಕೊಂಡಿಟ್ಟ ಹಳೇ ಒಣಗಿದ ರೊಟ್ಟಿ. ದುಡ್ಡು ಕೊಟ್ಟು ತಿಂದಿದ್ದಕ್ಕೆ ಋಣ ಇಲ್ಲವಲ್ಲ."

ಮುಳ್ಳು ಉದುರಿ ನಾಲ್ಕು ವರ್ಷವಾಗಿತ್ತು. ಅದನ್ನು ಅವಳ ಹೊರತು ಯಾರೂ ಗಮನಿಸಿರಲಿಲ್ಲ.

ಇಷ್ಟಿದ್ದೂ ಬಾಯಿ ಬಿಟ್ಟು ಹೇಳಲು ಏನಾಗಿತ್ತೆಂದು ಅವಳು ಕೇಳಿದಳು. ಎರ್ಗಶ್ ಹಿಂದಿನ ಕೋಣೆಯ ಕಡೆಗೆ ಕೈ ತೋರಿಸಿದ. ತಂದೆ ಹಾಸಿಗೆ ಹಿಡಿದ ಮೇಲೆ ನಾಲ್ವರು ತಂಗಿಯರ ಮದುವೆ ಮಾಡುವಷ್ಟರಲ್ಲಿ ತನಗೆ ಮೂವತ್ತೇಳಾಯಿತು, ಇರುವುದು ಈ ಮಣ್ಣು ಮತ್ತು ಆ ಒಂದು ಕೋಣೆ ಎಂದ. ಮಿರ್ವಲಿ ಅಣ್ಣ ಒಳ್ಳೆಯವರು ಎಂದೂ ಸೇರಿಸಿದ.

"ಒಳ್ಳೆಯವರು ಸರಿ. ಒಳ್ಳೆಯವರು ಅಂತ ಎಲ್ಲರ ಜೊತೆ ರೊಟ್ಟಿ ಮುರಿಯೋಕಾಗುತ್ತಾ?" ಎಂದಳು ಸಬೋಹತ್. "ಒಲೆ ಒಣಗಿಲ್ಲ ಅಂತ ಒಂದು ಸುಳ್ಳು ಹೇಳೋಕಾಗ್ಲಿಲ್ಲ ನಿಮಗೆ."

"ಬಾಯಿವರೆಗೆ ಬಂದಿತ್ತು. ಆದ್ರೆ ಒಣಗಿತ್ತು."

ಅವಳು ರೊಟ್ಟಿಯ ಒಂದು ಅಂಚನ್ನು ತಾನು ಹಿಡಿದು ಇನ್ನೊಂದನ್ನು ಅವನ ಕಡೆಗೆ ಚಾಚಿದಳು. "ಹಿಡ್ಕೊಳ್ಳಿ."

ಅವಳು ಏನು ಕೇಳುತ್ತಿದ್ದಾಳೆಂದು ಅರ್ಥವಾಗಲು ಅವನಿಗೆ ಒಂದು ಕ್ಷಣ ಹಿಡಿಯಿತು. ಮಣ್ಣಾದ ಕೈಗಳನ್ನು ನೋಡಿಕೊಂಡ. ಕಾಲುವೆಗೆ ಇಳಿದು ಕೈ ತೊಳೆಯತೊಡಗಿದ. ಮೊಣಕೈವರೆಗೆ ತೊಳೆದ, ಉಗುರುಗಳನ್ನು ಕಡ್ಡಿಯಿಂದ ಕೆರೆದ, ಮತ್ತೆ ತೊಳೆದ. ದಂಡೆಯ ಮೇಲೆ ಚಾಚಿದ ಕೈಯೊಂದಿಗೆ ನಿಂತ ಸಬೋಹತ್‌ಗೆ ಇವನು ಈಜಿ ಆಚೆ ದಡಕ್ಕೆ ಹೋಗಿಬಿಡುತ್ತಾನೇನೋ ಎನ್ನಿಸಿತು. ಕಡೆಗೆ ಅವನು ಬಂದ. ಒದ್ದೆ ಬೆರಳುಗಳಿಂದ ಆಚೆಯ ಅಂಚನ್ನು ಹಿಡಿದ.

ರೊಟ್ಟಿ ಸಮನಾಗಿ ಮುರಿಯಲಿಲ್ಲ. ದೊಡ್ಡ ಪಾಲು ಅವಳ ಕೈಯಲ್ಲಿ ಉಳಿಯಿತು. ಇಬ್ಬರೂ ಒಂದೊಂದು ತುತ್ತು ಅಗಿದರು, ಒಬ್ಬರ ಮುಖ ಒಬ್ಬರು ನೋಡಲು ಧೈರ್ಯವಿಲ್ಲದೆ.

"ಸಬೋಹತ್," ಎಂದ ಅವನು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಿಮ್ಮಮ್ಮನ ಹತ್ರ ನಾನೇ ಬಂದು ಮಾತಾಡ್ತೀನಿ."

"ಬನ್ನಿ. ಆದ್ರೆ ನಾನು ಕರೆಯೋವರೆಗೂ ಗೇಟಿನ ಆಚೆ ಇರಿ."

ಖೋಸಿಯತ್ ಚಪ್ಪರದ ಕೆಳಗೆ ಹೊಸ ಬಟ್ಟೆ ಹಾಸಿ, ಕಲ್ಲುಸಕ್ಕರೆ, ಒಣದ್ರಾಕ್ಷಿಗಳ ತಟ್ಟೆ ಜೋಡಿಸುತ್ತಿದ್ದಳು. ಸಬೋಹತ್ ಉಸಿರು ತಿರುಗಿಸಿಕೊಳ್ಳದೆ ಹೇಳಿದಳು. ನಾನು ರೊಟ್ಟಿ ಮುರಿದು ಬಂದೆ, ಎರ್ಗಶ್ ಉಸ್ತಾದರ ಜೊತೆ.

ತಾಯಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಆಮೇಲೆ, "ಯಾರ ರೊಟ್ಟಿ?" ಎಂದಳು.

"ಹನೀಫಾದು."

ಖೋಸಿಯತ್ ಜಗಲಿಯ ಅಂಚಿನಲ್ಲಿ ಕೂತಳು. "ಮೂವತ್ತು ವರ್ಷದಿಂದ ಈ ಮನೇಲಿ ರೊಟ್ಟಿ ಬೇಯ್ತಾ ಇದೆ. ನನ್ನ ಮಗಳ ನಿಶ್ಚಯಕ್ಕೆ ಹನೀಫಾಳ ಅರೆಬೆಂದ ರೊಟ್ಟಿ."

ಯಾಕೆ ಹಾಗಾಯಿತೆಂದು ಸಬೋಹತ್ ಬಿಡಿಸಿ ಹೇಳಿದಳು. ತಾಯಿ ನೆಲ ನೋಡುತ್ತ ಕೇಳಿದಳು. ಬೆರಳುಗಳನ್ನು ಮಡಚಿ ಚಹಾ, ಕರಬೂಜ, ದ್ರಾಕ್ಷಿ ಎಂದು ತಾನೂ ಒಮ್ಮೆ ಎಣಿಸಿಕೊಂಡಳು.

"ಒಂದು ದಿನ ಉಪ್ಪು ತಿಂದ ಮನೆಗೆ ನಲವತ್ತು ದಿನ ಸಲಾಂ ಅಂತ ಕೇಳಿದ್ದೆ," ಎಂದಳು. "ಉಪ್ಪು ತಿನ್ನದೇನೆ ಮರ್ಯಾದೆ ಇಟ್ಕೊಂಡವನನ್ನ ನೋಡಿರಲಿಲ್ಲ."

ಅಷ್ಟು ಹೇಳಿದ ಮಾತ್ರಕ್ಕೆ ಒಪ್ಪಿದಳೆಂದಲ್ಲ. ಎದ್ದು ಒಳ್ಳೆಯ ತಲೆಬಟ್ಟೆ ಕಟ್ಟಿಕೊಂಡು, ನಾನೇ ಕೊಟ್ಟ ಮಾತು, ನಾನೇ ಹೋಗಿ ವಾಪಸು ತರಬೇಕು ಎಂದು ಮಿರ್ವಲಿಯ ಮನೆಗೆ ಹೊರಟಳು. ಗೇಟಿನ ಹೊರಗೆ ಕುಕ್ಕರುಗಾಲಲ್ಲಿ ಕೂತಿದ್ದ ಎರ್ಗಶ್ ಎದ್ದು ನಿಂತು ಸಲಾಂ ಮಾಡಿದ. ಅವಳು ಅವನನ್ನು ದಾಟಿ ನಡೆದುಬಿಟ್ಟಳು.

ಅವಳು ಬರುವವರೆಗಿನ ಎರಡು ಗಂಟೆ ಆ ಮನೆಯಲ್ಲಿ ಯಾರೂ ಮುಗಿಸಲಾಗದ ಎರಡು ಗಂಟೆ. ಸಬೋಹತ್ ಗೇಟಿನವರೆಗೆ ಹೋಗಿ ಬಂದಳು, ಮತ್ತೆ ಹೋದಳು. ಗೇಟಿನ ತಗಡಿನ ಆಚೆಯಿಂದ ಅವನು ಕೆಮ್ಮುವುದು ಕೇಳಿಸುತ್ತಿತ್ತು. ಬಾಯಾರಿಕೆಯೇ ಎಂದು ಕೇಳಿದಳು. ಇಲ್ಲ ಎಂದ. ಹೆದರಿಕೆಯೇ ಎಂದು ಕೇಳಿದಳು. ಹೌದು ಎಂದ. ನನಗೂ ಎಂದಳು. ಹಿಟ್ಟು ಎಂದಿಗಿಂತ ಬೇಗ ಉಬ್ಬಿ ಬಟ್ಟೆಯನ್ನೇ ಮೇಲೆತ್ತಿತ್ತು. ಬಿಟ್ಟರೆ ಹಾಳಾಗುತ್ತದೆಂದು, ಮಾಡಲು ಬೇರೇನೂ ತೋಚದೆ, ತಂದೂರು ಹೊತ್ತಿಸಿ ಅಷ್ಟನ್ನೂ ಬೇಯಿಸಿದಳು.

ಖೋಸಿಯತ್ ಬಂದಾಗ ಮುಖ ಬಿಳಿಚಿಕೊಂಡಿತ್ತು. ಮಿರ್ವಲಿಯ ಅಕ್ಕ ಮುಖಕ್ಕೆ ಹೊಡೆದಂತೆ ಮಾತಾಡಿದ್ದಳು. ಇನ್ನು ನಮ್ಮ ಗಿರಣಿಯ ಕಡೆ ಚೀಲ ಕಳಿಸಬೇಡಿ ಎಂದಿದ್ದಳು. ಮಿರ್ವಲಿ ಮಾತ್ರ ಅಕ್ಕನನ್ನು ತಡೆದು, ಬೀದಿಯ ತುದಿಯವರೆಗೆ ಖೋಸಿಯತ್‌ಳ ಜೊತೆ ನಡೆದು ಬಂದಿದ್ದ. ರೊಟ್ಟಿ ಮುರಿಯುವ ಮೊದಲೇ ಬಂದು ಹೇಳಿದಿರಲ್ಲ, ಅಷ್ಟು ಸಾಕು ಎಂದಿದ್ದನಂತೆ.

ಗೇಟಿನ ಹತ್ತಿರ ಅವಳು ಎರ್ಗಶನ ಎದುರು ನಿಂತಳು. ತಲೆಯಿಂದ ಕಾಲಿನವರೆಗೆ ನೋಡಿದಳು.

"ಒಳಗೆ ಬಾ," ಎಂದಳು. "ನೀನು ಬೀದೀಲಿ ಕೂತಿರೋದನ್ನ ಇಷ್ಟು ಹೊತ್ತಿಗೆ ಹನೀಫಾಳಿಗೂ ಯಾರೋ ಹೇಳಿರ್ತಾರೆ."

ಮಿರ್ವಲಿಯ ಮನೆಯವರಿಗೆಂದು ಹಾಸಿದ ಬಟ್ಟೆಯ ಮುಂದೆ ಅವನನ್ನು ಕೂರಿಸಿದಳು. ಸಬೋಹತ್ ಬಿಸಿ ರೊಟ್ಟಿಗಳನ್ನು ತಂದಿಟ್ಟಳು. ಖೋಸಿಯತ್ ಒಂದನ್ನು ಮುರಿದು ಅವನ ಮುಂದೆ ಸರಿಸಿದಳು. ಈ ಸಲ ಅವನ ಕೈ ಎದೆಗೆ ಹೋಗಲಿಲ್ಲ. ತುಂಡನ್ನು ತೆಗೆದುಕೊಂಡು ಬಾಯಿಗಿಟ್ಟ. ಇನ್ನೊಂದು ತೆಗೆದುಕೊಂಡ. ಸಬೋಹತ್ ಚಹಾ ಬಗ್ಗಿಸುವ ನೆಪದಲ್ಲಿ ಅವನ ದವಡೆ ಅಲುಗುವುದನ್ನು, ಗಂಟಲಿನ ಗಂಟು ಏರಿ ಇಳಿಯುವುದನ್ನು ನೋಡಿದಳು. ಅವನು ಒಂದು ರೊಟ್ಟಿ ಮುಗಿಸಿ ಎರಡನೆಯದರ ಅರ್ಧಕ್ಕೆ ಬಂದಿದ್ದ. ಆಗ ಖೋಸಿಯತ್ ತಾನೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುವುದನ್ನು ನಿಲ್ಲಿಸಿದಳು.

"ಏನೇ ಇದು, ಉಪ್ಪೇ ಹಾಕಿಲ್ಲ."

ಸಬೋಹತ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಖೋಸಿಯತ್ ಎರ್ಗಶನ ಕಡೆಗೆ ತಿರುಗಿ, ನಿನಗೆ ಗೊತ್ತಾಗಲಿಲ್ಲವೇ ಎಂದು ಕೇಳಿದಳು.

"ಮೊದಲನೇ ತುತ್ತಿಗೇ ಗೊತ್ತಾಯ್ತು ಖಾಲಾ."

"ಮತ್ತೆ ಸುಮ್ನೆ ತಿಂತಾ ಇದ್ದೀಯಲ್ಲ?"

"ಹಸಿವಾಗಿತ್ತು," ಎಂದ ಅವನು. "ಮೂರು ವಾರದಿಂದ."

ಖೋಸಿಯತ್ ನಗಲಾರದೆ ನಕ್ಕಳು. ಬೆಳಗಿನಿಂದ ಬಿಗಿದಿದ್ದ ಅವಳ ಭುಜಗಳು ಸಡಿಲವಾದವು. ಹಿಟ್ಟು ನಾದು ಹೋಗು, ಈ ಸಲ ಮೈಮೇಲೆ ಎಚ್ಚರವಿರಲಿ ಎಂದು ಮಗಳಿಗೆ ಹೇಳಿದಳು. ಎರ್ಗಶ್ ಏಳಲು ಹೋದ.

"ನೀನೆಲ್ಲಿ ಹೊರಟೆ?" ಎಂದಳು ಖೋಸಿಯತ್. "ಕೂತಿರು."